ಬಾಗಿಲು ತೆರೆದ ಆಶುಬಾಬು

ನಮ್ಮ ಪಕ್ಕದ ಊರಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸ್ ವ್ಯಾನ್ ಹತ್ತುತ್ತಾಳೆ, ಸಂಜೆ ಏಳಕ್ಕೆ ಇಳಿಯುತ್ತಾಳೆ. ವಾರಕ್ಕೆ ಒಂದು ದಿನ ರಜ, ಅದು ಭಾನುವಾರ. ಅವಳಿಗೆ ಬ್ಲೌಸಿನ ತೋಳಿಗೆ, ಕತ್ತಿಗೆ ಹೊಸ ಹೊಸ ಡಿಸೈನ್ ಬರೆಯುವ ಹುಚ್ಚು. ಎರಡು ನೋಟ್‌ಬುಕ್ ತುಂಬಿಸಿಟ್ಟಿದ್ದಾಳೆ. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುವುದು ಕಲಿಯಬೇಕು ಅಂತ ಆಸೆ.

ಅವಳ ಊರಿನಲ್ಲಿ ಕಂಪ್ಯೂಟರ್ ಇರುವ ಜಾಗ ಇಲ್ಲ ಅಂತಲ್ಲ. ಇದೆ. ಗೋಡೆಗೆ ಚಿತ್ರ ಬರೆಸಿದ್ದಾರೆ, ಹೊಸ ಮೇಜು ಕುರ್ಚಿ ಹಾಕಿದ್ದಾರೆ, ಎರಡು ಕಂಪ್ಯೂಟರ್ ಇಟ್ಟಿದ್ದಾರೆ. ಉದ್ಘಾಟನೆಯ ಫೋಟೋ ನಮ್ಮ ಗ್ರೂಪಿಗೂ ಬಂದಿತ್ತು. ಆದರೆ ಅವಳು ಕೆಲಸಕ್ಕೆ ಹೋಗುವಾಗ ಅಲ್ಲಿ ಬೀಗ, ಬರುವಾಗಲೂ ಬೀಗ. ಭಾನುವಾರವೂ ಬೀಗ.

"ಅಣ್ಣಾ, ಅದರ ಬೀಗದ ಕೈ ಯಾರ ಹತ್ರ ಇರುತ್ತೆ?" ಅಂತ ಅವಳು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೇಳಿ ನೋಡಿದೆ. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಅವರು ಮತ್ತೊಬ್ಬರ ಹೆಸರು ಹೇಳಿದರು.

ಹೊಸದನ್ನು ಯೋಚಿಸುವವರಿಗೆ, ಹೊಸದನ್ನು ಮಾಡುವವರಿಗೆ ಎಂಥ ಜಾಗ ಬೇಕು ಎನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೆಂಗಳೂರಿನ ಆಫೀಸುಗಳಲ್ಲಿ ಬಣ್ಣದ ಕುರ್ಚಿ, ಗಾಜಿನ ಕೋಣೆ, ಕಾಫಿ ಮೆಷಿನ್, ಒಳಗೇ ಗಿಡಗಳು. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ನನಗೆ ನೆನಪಾಗಿದ್ದು ನೂರು ವರ್ಷಕ್ಕೂ ಹಿಂದಿನ ಒಂದು ಬಾಗಿಲು. ಆ ಬಾಗಿಲು ಕಲ್ಕತ್ತಾದಲ್ಲಿತ್ತು. ಅದರ ಕಥೆ ಮುಂದೆ ನಮ್ಮ ಬೆಂಗಳೂರಿಗೂ ಬರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಟ್ರಾಮಿನಿಂದ ಕಂಡ ಬೋರ್ಡು

1907ನೇ ಇಸವಿ. ಚಂದ್ರಶೇಖರ ವೆಂಕಟ ರಾಮನ್ ಎಂಬ 18 ವರ್ಷದ ಹುಡುಗ ಮದ್ರಾಸಿನಿಂದ ಕಲ್ಕತ್ತಾಕ್ಕೆ ಬಂದ. ನಮ್ಮ ಶಾಲೆಯ ಗೋಡೆಯ ಮೇಲೆ ರುಮಾಲು ಕಟ್ಟಿಕೊಂಡು ಕೂತಿರುವ ಸಿ. ವಿ. ರಾಮನ್ ಅವರೇ. ಆಗ ಅವರು ವಿಜ್ಞಾನಿಯಲ್ಲ, ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿ. ಎಂ.ಎ.ಯಲ್ಲಿ ಭೌತವಿಜ್ಞಾನ ಓದಿದ್ದರು, ಒಳ್ಳೆಯ ಅಂಕ ಬಂದಿತ್ತು. ಆದರೆ ಆ ಕಾಲದಲ್ಲಿ ಒಬ್ಬ ಭಾರತೀಯ ಹುಡುಗ ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ. ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿನ ಚಳಿ ಈ ಮೈಗೆ ತಡೆಯದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದ್ದರಿಂದ ಹಣಕಾಸು ಇಲಾಖೆಯ ಪರೀಕ್ಷೆ ಬರೆದರು, ಮೊದಲ ಸ್ಥಾನ ಬಂತು, ಕೆಲಸಕ್ಕೆ ಸೇರಿದರು. ಮದುವೆಯೂ ಆಗಿತ್ತು. ಹೆಂಡತಿ ಲೋಕಸುಂದರಿಯವರ ಜೊತೆ ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆಯ ನಡುವೆ ಬಂದಿಳಿದರು.

ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಕಂಡಿತು. ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ವಿಜ್ಞಾನದ ಬೇಸಾಯಕ್ಕೊಂದು ಸಂಘ. ರಾಮನ್ ಇಳಿದು ಹೋಗಿ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಆಶುತೋಷ್ ಡೇ. ಅಲ್ಲಿನ ಸಹಾಯಕರು. ಎಲ್ಲರೂ ಅವರನ್ನು ಆಶುಬಾಬು ಅನ್ನುತ್ತಿದ್ದರು.

ಆಶುಬಾಬು ಆ ಹುಡುಗನನ್ನು "ಯಾರು ನೀನು, ಯಾರ ಪತ್ರ ತಂದಿದ್ದೀಯಾ" ಎಂದು ಗೇಟಿನಲ್ಲೇ ನಿಲ್ಲಿಸಲಿಲ್ಲ. ಸಂಘದ ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್ ಅವರ ಹತ್ತಿರ ಕರೆದುಕೊಂಡು ಹೋದರು. ನನ್ನ ಬಿಡುವಿನ ಹೊತ್ತಿನಲ್ಲಿ ಇಲ್ಲಿ ಪ್ರಯೋಗ ಮಾಡಬಹುದೇ ಎಂದು ರಾಮನ್ ಕೇಳಿದರು. ಅಮೃತಲಾಲರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಾಕೆಂದರೆ ಆ ಕಟ್ಟಡ ಇಂಥ ಒಬ್ಬರಿಗಾಗಿ 31 ವರ್ಷದಿಂದ ಕಾಯುತ್ತಿತ್ತು.

ಕಾಯುತ್ತಿದ್ದ ಕಟ್ಟಡ

ಆ ಸಂಘವನ್ನು ಕಟ್ಟಿದವರು ಅಮೃತಲಾಲರ ತಂದೆ ಡಾ. ಮಹೇಂದ್ರಲಾಲ್ ಸರ್ಕಾರ್. ಕಲ್ಕತ್ತಾದ ದೊಡ್ಡ ವೈದ್ಯರು. ಕಲಿತದ್ದು ಇಂಗ್ಲಿಷ್ ವೈದ್ಯ, ಆಮೇಲೆ ಹೋಮಿಯೋಪತಿಗೆ ತಿರುಗಿದರು. ನಮ್ಮ ಜನ ವಿಜ್ಞಾನವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದರೆ ಸಾಲದು, ತಮ್ಮ ಕೈಯಿಂದಲೇ ಮಾಡಿ ನೋಡಬೇಕು, ಅದಕ್ಕೊಂದು ನಮ್ಮದೇ ಜಾಗ ಬೇಕು ಎಂಬುದು ಅವರ ಹಂಬಲ. ಜನರಿಂದ ಚಂದಾ ಎತ್ತಿ, ಸಿರಿವಂತರ ಮನೆ ಬಾಗಿಲಿಗೆ ಅಲೆದು 1876ರಲ್ಲಿ ಸಂಘ ಶುರು ಮಾಡಿದರು. ಉಪನ್ಯಾಸದ ದೊಡ್ಡ ಹಾಲ್ ಬಂತು, ಉಪಕರಣಗಳು ಬಂದವು, ಪ್ರಯೋಗಶಾಲೆ ಬಂತು.

ಭಾಷಣ ಕೇಳಲು ಜನ ಬಂದರು. ಪ್ರಯೋಗ ಮಾಡಲು ಬರಲಿಲ್ಲ. ಡಾಕ್ಟರು ಕೊನೆಗಾಲದಲ್ಲಿ ತುಂಬ ನೊಂದುಕೊಂಡಿದ್ದರು. 1904ರಲ್ಲಿ ತೀರಿಕೊಂಡರು. ಅದಾಗಿ ಮೂರು ವರ್ಷಕ್ಕೆ ರಾಮನ್ ಬಾಗಿಲು ತಟ್ಟಿದರು. ಅದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಇಲ್ಲಿ ಎರಡು ಮಾತು ನೆನಪಿಡಬೇಕು. ಒಂದು, ಬರೀ ಕಟ್ಟಡ ಕಟ್ಟಿ ಉಪಕರಣ ತಂದಿಟ್ಟರೆ ಹೊಸ ಕೆಲಸ ತಾನಾಗಿ ಹುಟ್ಟುವುದಿಲ್ಲ. ಇನ್ನೊಂದು, 31 ವರ್ಷ ಯಾರೂ ಬರಲಿಲ್ಲವೆಂದು ಸರ್ಕಾರ್ ಮನೆತನದವರು ಆ ಜಾಗವನ್ನು ಗೋಡೌನ್ ಮಾಡಲಿಲ್ಲ, ಬಾಡಿಗೆಗೆ ಕೊಡಲಿಲ್ಲ. ಬರುವವನು ಬಂದಾಗ ಜಾಗ ಅಲ್ಲೇ ಇತ್ತು.

ಬೆಳಿಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ

ಈಗ ರಾಮನ್ ಅವರ ದಿನಚರಿ ನೋಡಿ. ಬೆಳಿಗ್ಗೆ ಐದೂವರೆಗೆ ಸಂಘಕ್ಕೆ ಹೋಗುತ್ತಿದ್ದರು. ಒಂಬತ್ತೂ ಮುಕ್ಕಾಲಿಗೆ ಮನೆಗೆ ಓಡಿ ಬಂದು ಸ್ನಾನ ಮಾಡಿ, ಎರಡು ತುತ್ತು ಬಾಯಿಗೆ ಹಾಕಿಕೊಂಡು ಆಫೀಸಿಗೆ ಹೊರಡುತ್ತಿದ್ದರು. ಸಂಜೆ ಐದಕ್ಕೆ ಆಫೀಸು ಬಿಟ್ಟು ಮನೆಗೆ ಬರದೆ ನೇರವಾಗಿ ಮತ್ತೆ ಸಂಘಕ್ಕೆ. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರ ಇಡೀ ದಿನ ಅಲ್ಲೇ.

ಹತ್ತು ವರ್ಷ ಹೀಗೆ ನಡೆಯಿತು. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗ ಆಯಿತು. ಅಲ್ಲಿ ಮನೆಯಲ್ಲೇ ಒಂದಿಷ್ಟು ಸಾಮಾನು ಇಟ್ಟುಕೊಂಡು ಕೆಲಸ ಮುಂದುವರಿಸಿದರು. 1911ರಲ್ಲಿ ಕಲ್ಕತ್ತಾಕ್ಕೆ ವಾಪಸ್ ಬಂದ ಮೇಲೆ ಸಂಘದ ಪಕ್ಕದಲ್ಲೇ ಮನೆ ಹಿಡಿದರು. ಮನೆಯಿಂದ ಸಂಘದೊಳಕ್ಕೆ ಒಂದು ಬಾಗಿಲು. ನಡುರಾತ್ರಿ ಏನಾದರೂ ಹೊಳೆದರೆ ಎದ್ದು ಹೋಗಿ ನೋಡಿ ಬರಬಹುದು.

ಸಂಘ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಎಂದು ನಿಯಮ ಮಾಡಿದ್ದರೆ ಏನಾಗುತ್ತಿತ್ತು? ಆ ಹೊತ್ತಿನಲ್ಲಿ ರಾಮನ್ ಸರ್ಕಾರದ ಲೆಕ್ಕಪತ್ರ ನೋಡುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಉಳಿದವರು ಮಲಗಿರುವ ಹೊತ್ತು, ಉಳಿದವರು ಹರಟೆ ಹೊಡೆಯುವ ಹೊತ್ತು. ಆ ಹೊತ್ತಿನಲ್ಲಿ ಬಾಗಿಲು ತೆರೆದಿತ್ತು. ಅಷ್ಟೇ. ಅದೇ ದೊಡ್ಡದು.

ಹೊಟ್ಟೆಪಾಡಿನ ಕೆಲಸ ಹಗಲನ್ನು ತಿಂದುಬಿಡುತ್ತದೆ. ಹೊಲದ ಕೆಲಸ ಇರಲಿ, ಗಾರ್ಮೆಂಟ್ಸ್ ಇರಲಿ, ಗ್ಯಾರೇಜ್ ಇರಲಿ. ಹೊಸದು ಏನಾದರೂ ಮಾಡಬೇಕೆನ್ನುವವರಿಗೆ ಉಳಿಯುವುದು ಹಗಲಿನ ಎರಡು ತುದಿ. ಅವರಿಗಾಗಿ ಜಾಗ ಮಾಡುವವರು ಮೊದಲು ಗೋಡೆಯ ಬಣ್ಣ ಯೋಚಿಸಬೇಕಾಗಿಲ್ಲ, ಗಡಿಯಾರ ನೋಡಬೇಕು.

ಡಿಗ್ರಿ ಇಲ್ಲದ ಜೊತೆಗಾರ

ಜಾಗ ಎಂದರೆ ಗೋಡೆ ಮಾತ್ರವಲ್ಲ, ಅಲ್ಲಿರುವ ಮನುಷ್ಯ ಕೂಡ. ಆಶುಬಾಬು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಸಾಮಾನು ಯಾವ ಕಪಾಟಿನಲ್ಲಿದೆ, ಯಾವುದು ಕೆಟ್ಟಿದೆ, ಕೆಟ್ಟದ್ದನ್ನು ಹೇಗೆ ರಿಪೇರಿ ಮಾಡಬೇಕು ಎಲ್ಲ ಅವರಿಗೆ ಗೊತ್ತು. ರಾಮನ್ ಯೋಚನೆ ಹೇಳಿದರೆ ಅದಕ್ಕೆ ಬೇಕಾದ ಜೋಡಣೆ ಆಶುಬಾಬು ಕೈಯಲ್ಲಿ ತಯಾರಾಗುತ್ತಿತ್ತು. ರಾಮನ್ ಆಫೀಸಿನಲ್ಲಿರುವಾಗಲೂ ಪ್ರಯೋಗ ನಿಲ್ಲುತ್ತಿರಲಿಲ್ಲ. ಕಲ್ಕತ್ತಾದಲ್ಲಿ ಇದ್ದಷ್ಟು ಕಾಲವೂ ಅವರ ಬೆನ್ನಿಗಿದ್ದವರು ಆಶುಬಾಬು. ರಾಮನ್ ಅವರನ್ನು ಆಳಿನಂತೆ ನೋಡಲಿಲ್ಲ. ಸಂಶೋಧನೆಯಲ್ಲಿ ಪಾಲುದಾರ ಎಂದು ನೋಡಿದರು. ಪ್ರಕಟವಾದ ಕೆಲಸದಲ್ಲಿ ಆಶುಬಾಬು ಹೆಸರೂ ಬಂತು.

ನಮ್ಮ ಊರುಗಳ ಲೈಬ್ರರಿಗಳಲ್ಲಿ, ಶಾಲೆಯ ಪ್ರಯೋಗಶಾಲೆಗಳಲ್ಲಿ ಇಂಥ ಒಬ್ಬ ಮನುಷ್ಯ ಇದ್ದರೆ ಆ ಜಾಗದ ಕಳೆಯೇ ಬೇರೆ. ಮುಟ್ಟಬೇಡಿ, ಒಡೆದು ಹೋಗುತ್ತೆ ಎನ್ನುವವರು ಒಂದು ಬಗೆ. ಬಾ, ಹೀಗೆ ಹಿಡಿದುಕೋ ಎನ್ನುವವರು ಇನ್ನೊಂದು ಬಗೆ. ಆಶುಬಾಬು ಎರಡನೇ ಬಗೆಯವರು.

ಮೃದಂಗದ ಕರಣೆ

ರಾಮನ್ ಮೊದಲು ಯಾವುದರ ಮೇಲೆ ಕೆಲಸ ಮಾಡಿದರು ಎನ್ನುವುದು ಹಳ್ಳಿಯವರಾದ ನಮಗೆ ತುಂಬ ಹತ್ತಿರದ ವಿಷಯ. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡುವ ಪ್ರಶ್ನೆಗಳನ್ನು ಅವರು ಆರಿಸಿಕೊಳ್ಳಲಿಲ್ಲ. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾ ಹಿಡಿದುಕೊಂಡು ಕೂತರು.

ತಮಟೆ ಬಾರಿಸಿ ನೋಡಿ, ಮೃದಂಗ ಬಾರಿಸಿ ನೋಡಿ. ತಮಟೆಯ ಸದ್ದು ಎದೆ ನಡುಗಿಸುತ್ತದೆ, ಆದರೆ ಅದಕ್ಕೆ ಇದೇ ಶ್ರುತಿ ಅಂತ ಹೇಳಲಾಗುವುದಿಲ್ಲ. ಮೃದಂಗವನ್ನು ಹಾಡುವವರ ಶ್ರುತಿಗೆ ಕೂಡಿಸಬಹುದು. ಯಾಕೆ? ಎಳೆದು ಕಟ್ಟಿದ ಬರೀ ಚರ್ಮ ಅದುರುವಾಗ ಹುಟ್ಟುವ ಬೇರೆ ಬೇರೆ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ನಡುವೆ ಕರಣೆ ಇದೆಯಲ್ಲ, ಆ ಕಪ್ಪು ಮೆತ್ತೆ, ಅದು ಚರ್ಮದ ನಡುವಿನ ತೂಕ ಹೆಚ್ಚಿಸಿ ಆ ಸ್ವರಗಳನ್ನು ಒಂದಕ್ಕೊಂದು ಹೊಂದುವಂತೆ ಮಾಡುತ್ತದೆ. ರಾಮನ್ ಇದನ್ನು ಅಳೆದು ತೋರಿಸಿದರು. 1920ರಲ್ಲಿ ಅದು ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಬಂತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ನೂಲು ನಾದವನ್ನು ಯಾಕೆ ತುಂಬಿಕೊಡುತ್ತದೆ ಎಂದೂ ನೋಡಿದರು. ಪಿಟೀಲನ್ನು ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ ನುಡಿಸುವ ಯಂತ್ರವನ್ನೇ ಕಟ್ಟಿದರು.

ಕರಣೆ ಹಚ್ಚುವ ವಿದ್ಯೆಯನ್ನು ಕಂಡುಹಿಡಿದವರು ರಾಮನ್ ಅಲ್ಲ. ತಲೆಮಾರುಗಳಿಂದ ಮದ್ದಲೆ, ಮೃದಂಗ ಕಟ್ಟುತ್ತಿದ್ದ ಕುಶಲಕರ್ಮಿಗಳು. ಅವರೂ ತಮ್ಮ ಜಗಲಿಯಲ್ಲಿ ಕೂತು ಹಚ್ಚಿ, ಬಾರಿಸಿ, ಕೆರೆದು, ಮತ್ತೆ ಹಚ್ಚಿ ಅದನ್ನು ಸಾಧಿಸಿದವರು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅವರ ಕೆಲಸದಲ್ಲಿ ಭೌತವಿಜ್ಞಾನ ಇದೆ ಎಂದು ಗುರುತಿಸಿ ಲೋಕಕ್ಕೆ ಹೇಳಿದ್ದು ರಾಮನ್ ಅವರ ದೊಡ್ಡತನ.

ಬಿಸಿಲು, ಮಸೂರ, ಕಣ್ಣು

1917ರಲ್ಲಿ ರಾಮನ್ ಸರ್ಕಾರಿ ಕೆಲಸ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಸಂಬಳ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಪ್ರೊಫೆಸರ್ ಆದ ಮೇಲೂ ಸಂಘದ ಕೆಲಸ ಬಿಡಲಿಲ್ಲ. 1919ರಿಂದ ಸಂಘದ ಗೌರವ ಕಾರ್ಯದರ್ಶಿ ಅವರೇ. ಈಗ ಬಾಗಿಲು ತೆರೆಯುವ ಸರದಿ ಅವರದಾಯಿತು. ದೇಶದ ಬೇರೆ ಬೇರೆ ಕಡೆಯಿಂದ ಹುಡುಗರು ಬಂದರು. ಕೆ. ಆರ್. ರಾಮನಾಥನ್ ಬಂದರು, ಕೆ. ಎಸ್. ಕೃಷ್ಣನ್ ಬಂದರು.

1921ರಲ್ಲಿ ರಾಮನ್ ಮೊದಲ ಸಲ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿಬಂದರು. ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿ ನೀರಿನಲ್ಲಿ ಕಾಣುತ್ತದೆ, ಅಷ್ಟೇ ಎಂದು ದೊಡ್ಡವರು ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ಪುಟ್ಟ ಪಟ್ಟಕದಿಂದ ಆಕಾಶದ ಪ್ರತಿಬಿಂಬ ತಡೆದು ನೋಡಿದರು. ನೀಲಿ ಹೋಗಲಿಲ್ಲ. ಅಂದರೆ ನೀರೇ ಬೆಳಕನ್ನು ಚದುರಿಸುತ್ತಿದೆ. ಅಂದಿನಿಂದ ಏಳು ವರ್ಷ ಸಂಘದಲ್ಲಿ ಅದೇ ಕೆಲಸ.

1928ರ ಫೆಬ್ರುವರಿಯಲ್ಲಿ ರಾಮನ್ ಮತ್ತು ಕೃಷ್ಣನ್ ಬಳಸಿದ ಸಾಮಾನು ಏನು? ಬಿಸಿಲು. ಬಿಸಿಲನ್ನು ಒಂದೆಡೆ ಕೂಡಿಸಲು ದೂರದರ್ಶಕದ 18 ಸೆಂಟಿಮೀಟರ್ ಅಗಲದ ಮಸೂರ. ಬಣ್ಣದ ಗಾಜಿನ ಸೋಸುಕಗಳು. ಗಾಜಿನ ಬುರುಡೆಯಲ್ಲಿ ಚೆನ್ನಾಗಿ ಸೋಸಿದ ದ್ರವ. ಕೊನೆಗೆ, ನೋಡುವುದಕ್ಕೆ ಕಣ್ಣು. ಒಂದು ಬಣ್ಣದ ಬೆಳಕನ್ನು ದ್ರವದೊಳಗೆ ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣ. ಆದರೆ ಒಂದು ಚೂರು ಬೆಳಕು ಬಣ್ಣ ಬದಲಿಸಿ ಬರುತ್ತದೆ. ಅದನ್ನು ಅವರು ಕಂಡರು. ಸುಮಾರು 60 ದ್ರವಗಳಲ್ಲಿ ನೋಡಿದರು. ಎಲ್ಲದರಲ್ಲೂ ಇತ್ತು. ಇದೇ ರಾಮನ್ ಪರಿಣಾಮ. ಈಗ ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ.

ಆ ವರ್ಷ ಮಾರ್ಚ್ 16ರಂದು ಅವರು ಈ ಹೊಸ ಬೆಳಕಿನ ಬಗ್ಗೆ ವಿವರವಾದ ಭಾಷಣ ಮಾಡಿದ್ದು ಎಲ್ಲಿ ಗೊತ್ತೆ? ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಬಂತು.

ಈ ಕಥೆ ಕೇಳಿ ಕೆಲವರು ಒಂದು ತಪ್ಪು ಪಾಠ ಕಲಿಯುತ್ತಾರೆ. ನೋಡಿ, ಕೆಲವೇ ನೂರು ರೂಪಾಯಿಯ ಸಾಮಾನಿನಲ್ಲಿ ನೊಬೆಲ್ ತೆಗೆದುಕೊಂಡರು, ನಿಮಗ್ಯಾಕೆ ಹಣ, ನಿಮಗ್ಯಾಕೆ ಸೌಲಭ್ಯ ಎನ್ನುತ್ತಾರೆ. ಅದು ಸರಿಯಲ್ಲ. ಆ ಮಸೂರ ಬಿಟ್ಟಿ ಬಂದದ್ದಲ್ಲ. ಆ ಹಾಲಿನ ಹಿಂದೆ ಐವತ್ತು ವರ್ಷದ ಚಂದಾ ಇತ್ತು. ಸಾಮಾನು ಸ್ವಲ್ಪವೇ ಇದ್ದರೂ ಅದು ಕೈಗೆ ಸಿಗುವಂತೆ ಇತ್ತು, ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರಲಿಲ್ಲ. ಪಾಠ ಇರುವುದು ಅಲ್ಲಿ.

ಬೆಂಗಳೂರಿನ ಬಾಗಿಲು ಮತ್ತು ಕಮಲಾ

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಚರಿತ್ರೆ ನಮಗೆ ಬೇಕಾದಲ್ಲಿ ನಿಲ್ಲುವುದಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾದರು. ಭೌತವಿಜ್ಞಾನ ವಿಭಾಗ ಶುರು ಮಾಡಿದರು, ಉಪಕರಣ ತಯಾರಿಸುವ ವರ್ಕ್‌ಶಾಪ್ ಮಾಡಿಸಿದರು, ಹೂ ಬಿಡುವ ಮರಗಳನ್ನು ನೆಡಿಸಿದರು. ಒಳ್ಳೆಯ ಕೆಲಸದ ಜಾಗ ಹೇಗಿರಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ವರ್ಷ ಮುಂಬೈಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಅರ್ಜಿ ಹಾಕಿದಳು. ಬಿ.ಎಸ್ಸಿ.ಯಲ್ಲಿ ಮುಂಚೂಣಿಯ ಅಂಕ. ರಾಮನ್ ಅರ್ಜಿ ತಿರಸ್ಕರಿಸಿದರು. ಕಾರಣ ಒಂದೇ, ಅವಳು ಹೆಣ್ಣು.

ಕಮಲಾ ಸುಮ್ಮನೆ ಮನೆಗೆ ಹೋಗಲಿಲ್ಲ. ಬೆಂಗಳೂರಿಗೆ ಬಂದು ಎದುರಿಗೆ ನಿಂತು ಕಾರಣ ಕೇಳಿದಳು, ಗಾಂಧಿಯವರ ದಾರಿಯಲ್ಲಿ ಸತ್ಯಾಗ್ರಹ ಹೂಡಿದಳು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ಒಂದು ವರ್ಷ ಅವಳನ್ನು ಪೂರ್ತಿ ವಿದ್ಯಾರ್ಥಿನಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುಗಳು ಹೇಳಿದರೆ ರಾತ್ರಿ ಹೊತ್ತೂ ಕೆಲಸ ಮಾಡಬೇಕು. ಅಲ್ಲಿರುವ ಗಂಡಸರ ಗಮನ ಕೆಡಿಸಬಾರದು. ಇಂಥ ಅವಮಾನದ ಷರತ್ತುಗಳಿಗೆ ಒಪ್ಪಿ ಅವಳು ಒಳಗೆ ಕಾಲಿಟ್ಟಳು. ಶ್ರೀನಿವಾಸಯ್ಯ ಎಂಬ ಒಳ್ಳೆಯ ಗುರುಗಳು ಸಿಕ್ಕರು. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದಳು. ವರ್ಷ ಕಳೆಯುವಷ್ಟರಲ್ಲಿ ಅವಳ ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿತು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾದರು. ಬಡವರ ಪಾನೀಯವಾದ ನೀರಾದಲ್ಲಿ ಏನೇನು ಪೋಷಕಾಂಶ ಇದೆ ಎಂದು ಅಧ್ಯಯನ ಮಾಡಿದವರು ಅವರೇ.

1940ರಲ್ಲಿ ಅದೇ ಸಂಸ್ಥೆಯಲ್ಲಿ ರಾಮನ್ ಅವರ ಪ್ರಯೋಗಶಾಲೆಗೆ ಅನ್ನಾ ಮಣಿ ಬಂದರು. ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಬರೆದರು. ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರು ನಮ್ಮ ದೇಶದಲ್ಲೇ ಹವಾಮಾನ ಅಳೆಯುವ ಉಪಕರಣಗಳನ್ನು ತಯಾರಿಸಲು ದೊಡ್ಡ ಕೆಲಸ ಮಾಡಿದರು.

ಈ ಭಾಗ ಓದುವಾಗ ನನಗೆ ಬೇಜಾರಾಯಿತು. 1907ರಲ್ಲಿ ಬಾಗಿಲು ತಟ್ಟಿದ ಹುಡುಗನನ್ನು ನೀನು ತಮಿಳನಲ್ಲವೇ, ಗುಮಾಸ್ತನಲ್ಲವೇ ಎಂದು ಕೇಳದೆ ಒಳಗೆ ಬಿಟ್ಟಿದ್ದರು. ಅದೇ ಹುಡುಗ 26 ವರ್ಷದ ಮೇಲೆ ಬಾಗಿಲ ಒಳಗೆ ನಿಂತು ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದರು. ಇದನ್ನು ಹೇಳಿದ ಮಾತ್ರಕ್ಕೆ ರಾಮನ್ ಸಣ್ಣವರಾಗುವುದಿಲ್ಲ. ಬಾಗಿಲ ಒಳಗೆ ಸೇರಿಕೊಂಡವರಿಗೆ ಹೊರಗೆ ನಿಂತವರ ಕಷ್ಟ ಬೇಗ ಮರೆತುಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಅದು ನಮಗೂ ಆಗಬಹುದು.

ಕಲ್ಕತ್ತಾದಲ್ಲೂ ಇಂಥದೇ ಜಗಳ ಎದ್ದಿತ್ತು. ರಾಮನ್ ಸಂಘದಲ್ಲಿ ತಮ್ಮ ಕಡೆಯ, ದಕ್ಷಿಣದ ಹುಡುಗರಿಗೇ ಜಾಗ ಕೊಡುತ್ತಾರೆ ಎಂದು ಅಲ್ಲಿನವರು ದೂರಿದರು. 1934ರಲ್ಲಿ ಅವರನ್ನು ಸಂಘದ ಹುದ್ದೆಯಿಂದ ಇಳಿಸಿದರು. ಎಲ್ಲರ ಚಂದಾದಿಂದ ಆದ ಜಾಗದಲ್ಲಿ ಯಾರಿಗೆ ಬಾಗಿಲು ತೆರೆಯುತ್ತದೆ ಎನ್ನುವುದು ಯಾವತ್ತೂ ಜಗಳದ ವಿಷಯವೇ.

ತೋಟದ ನಡುವಿನ ಸಂಸ್ಥೆ

ಕೊನೆಗೆ ರಾಮನ್ ತಮ್ಮ ಮನಸ್ಸಿಗೆ ಒಪ್ಪುವಂಥ ಜಾಗವನ್ನೇ ಕಟ್ಟಿದರು. 1934ರಲ್ಲಿ ಮೈಸೂರು ಮಹಾರಾಜರು ಬೆಂಗಳೂರಿನಲ್ಲಿ ಸುಮಾರು ಹತ್ತು ಎಕರೆ ಜಮೀನು ಕೊಟ್ಟಿದ್ದರು. ಈಗಿನ ಮೇಖ್ರಿ ಸರ್ಕಲ್ ಹತ್ತಿರ. ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ನಿವೃತ್ತಿಯಾದ ಮೇಲೆ 1948ರಲ್ಲಿ ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾಯಿತು. ಮೊದಮೊದಲು ಕರೆಂಟೇ ಇರಲಿಲ್ಲ. ಕನ್ನಡಿಯನ್ನು ಕೈಯಲ್ಲೇ ತಿರುಗಿಸುತ್ತ ಬಿಸಿಲನ್ನು ಒಳಗೆ ತಂದು ಪ್ರಯೋಗ ಮಾಡಿದರು. ಸುತ್ತ ಮರಗಳು, ಗುಲಾಬಿ ತೋಟ. ಒಳಗೆ ಹರಳು, ಖನಿಜ, ಚಿಟ್ಟೆ, ಚಿಪ್ಪುಗಳ ಸಂಗ್ರಹಾಲಯ. ಸರ್ಕಾರದ ಹಣ ತೆಗೆದುಕೊಂಡರೆ ವರದಿ ಬರೆಯುತ್ತ ಕೂರಬೇಕಾಗುತ್ತದೆ ಎಂದು ಅವರು ಸರ್ಕಾರದ ಹಣ ಒಲ್ಲೆ ಎಂದರು.

ಇಂಥ ಸುಂದರ ಜಾಗದಲ್ಲಿ ಕೆಲಸ ಆಗಲಿಲ್ಲವೇ? ಆಯಿತು. ಎಸ್. ಪಂಚರತ್ನಂ ಎಂಬ ಹುಡುಗ ಇನ್ನೂ ಇಪ್ಪತ್ತೆರಡು ವಯಸ್ಸಿನ ಆಸುಪಾಸಿನಲ್ಲಿ, 1956ರಲ್ಲಿ, ಬೆಳಕಿನ ಬಗ್ಗೆ ಇಲ್ಲಿ ಮಾಡಿದ ಕೆಲಸವನ್ನು ಜಗತ್ತು ಸುಮಾರು ಮೂವತ್ತು ವರ್ಷ ಆದ ಮೇಲೆ ಗುರುತಿಸಿತು. ಆದರೆ ಬರಬರುತ್ತ ರಾಮನ್ ಒಂಟಿಯಾದರು. ವಿದ್ಯಾರ್ಥಿಗಳು ಕಡಿಮೆಯಾದರು. ಸಂದರ್ಶಕರಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬಂತು. ಒಂದು ಬೋರ್ಡು ನೋಡಿ ಟ್ರಾಮಿನಿಂದ ಇಳಿದ ಹುಡುಗನ ಬದುಕಿನ ಕೊನೆಯ ಭಾಗದಲ್ಲಿ ಹೀಗೊಂದು ಬೋರ್ಡು. ಆದರೂ ಪ್ರತಿ ವರ್ಷ ಅಕ್ಟೋಬರ್ 2ರಂದು ಗಾಂಧಿ ನೆನಪಿನ ಉಪನ್ಯಾಸ ಮಾತ್ರ ಬಿಡದೆ ಕೊಟ್ಟರು. 1970ರಲ್ಲೂ ಕೊಟ್ಟರು. ಆ ನವೆಂಬರ್ 21ರಂದು ತೀರಿಕೊಂಡರು. ಅವರ ದೇಹಕ್ಕೆ ಅದೇ ತೋಟದಲ್ಲಿ ಬೆಂಕಿ ಇಟ್ಟರು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಅವರಾದ ಮೇಲೆ ಸಂಸ್ಥೆಯ ಬಾಗಿಲು ಮತ್ತೆ ಅಗಲವಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿದ್ದ ಎಸ್. ಚಂದ್ರಶೇಖರ್ ತಮ್ಮ ತಂಡದ ಜೊತೆ ಬಂದರು. 1977ರಲ್ಲಿ ಅವರ ತಂಡ ದ್ರವ ಹರಳಿನ ಹೊಸದೊಂದು ಬಗೆಯನ್ನೇ ಕಂಡುಹಿಡಿಯಿತು. ಜಾಗ ಅದೇ, ಮರಗಳು ಅವೇ. ಜನ ಬಂದರು.

ನಮ್ಮೂರಿನ ಬೀಗ

ಈಗ ನಮ್ಮ ಕಡೆ ನೋಡೋಣ. ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಊರುಗಳಲ್ಲಿ ಚೆನ್ನಾಗಿ ನಡೆಯುತ್ತಿವೆ, ಅಲ್ಲಿನ ಮೇಲ್ವಿಚಾರಕರು ಆಶುಬಾಬು ಥರದವರೇ. ಇನ್ನು ಕೆಲವು ಕಡೆ ಶಾಲೆಯ ಪ್ರಯೋಗಶಾಲೆ, ಸಮುದಾಯ ಭವನ, ಯುವಕ ಸಂಘದ ಕೋಣೆ, ಎಲ್ಲ ಇದ್ದೂ ಬೀಗ ಹಾಕಿಕೊಂಡು ಕೂತಿವೆ. ಬೀಗ ಹಾಕಿದವರ ಭಯವೂ ಸುಳ್ಳಲ್ಲ. ಕಳುವಾದರೆ ಯಾರು ಹೊಣೆ? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ರಾತ್ರಿ ಹೆಣ್ಣುಮಕ್ಕಳು ಬಂದರೆ ಜೊತೆಗೆ ಯಾರು ಇರುತ್ತಾರೆ? ಇವು ನಿಜವಾದ ಪ್ರಶ್ನೆಗಳು. ಇದಕ್ಕೆ ಉತ್ತರ ಹೊಸ ಕಟ್ಟಡವಲ್ಲ, ಊರಿನವರು ಕೂತು ಮಾತಾಡುವುದು.

ಹೀಗೆ ಕೇಳಿ ನೋಡಬಹುದು. ವಾರದಲ್ಲಿ ಎರಡು ಸಂಜೆ, ಏಳರಿಂದ ಒಂಬತ್ತು. ಭಾನುವಾರ ಬೆಳಿಗ್ಗೆ. ಬೀಗದ ಕೈ ಇಬ್ಬರ ಹತ್ತಿರ, ಅದರಲ್ಲಿ ಒಬ್ಬರು ಹೆಂಗಸು. ಸ್ತ್ರೀಶಕ್ತಿ ಸಂಘದವರು ಆಗಬಹುದು, ನಿವೃತ್ತ ಮೇಷ್ಟ್ರು ಆಗಬಹುದು. ಬಂದವರ ಹೆಸರು ಬರೆಯುವುದಕ್ಕೊಂದು ಪುಸ್ತಕ. ಒಡೆದರೆ ಬೈಯದೆ ರಿಪೇರಿ ಕಲಿಸುವವರು ಒಬ್ಬರು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಇದಕ್ಕಿಂತ ಸಣ್ಣ ಬೇಡಿಕೆ ಇಲ್ಲ.

ಬಾಗಿಲು ತೆರೆದ ತಕ್ಷಣ ಪ್ರತಿ ಊರಿನಲ್ಲೂ ಒಬ್ಬ ರಾಮನ್, ಒಬ್ಬಳು ಕಮಲಾ ಹುಟ್ಟುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮಹೇಂದ್ರಲಾಲರಿಗೇ ಆ ಭಾಗ್ಯ ಸಿಗಲಿಲ್ಲ. ಮೊದಲ ವಾರ ಯಾರೂ ಬರದೆ ಹೋಗಬಹುದು. ಎರಡನೇ ವಾರ ಮೊಬೈಲ್ ಚಾರ್ಜ್ ಮಾಡಲು ಮಾತ್ರ ಬರಬಹುದು. ಆದರೂ ತೆರೆದಿಡಬೇಕು. ಯಾಕೆಂದರೆ ಯಾವ ಟ್ರಾಮಿನಿಂದ ಯಾರು ಇಳಿಯುತ್ತಾರೆ ಎಂದು ನಮಗೆ ಗೊತ್ತಿರುವುದಿಲ್ಲ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೊನೆಗೂ ಗೊತ್ತಾಯಿತು. ನಾವು ಮೂವರು ಅವರ ಮನೆಗೆ ಹೋಗಿ ಕೂತು ಮಾತಾಡಿದೆವು. ಟೀ ಕೊಟ್ಟರು. ಮೇಲಿನವರನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ. ಬರುವ ಭಾನುವಾರ ಮತ್ತೆ ಹೋಗುತ್ತೇವೆ. ಈ ಸಲ ಅವಳನ್ನೂ, ಅವಳ ಆ ಎರಡು ನೋಟ್‌ಬುಕ್ಕನ್ನೂ ಕರೆದುಕೊಂಡು.

ನಿಮ್ಮೂರಿನ ಬೀಗದ ಕೈ ಯಾರ ಹತ್ತಿರ ಇದೆ? ಒಮ್ಮೆ ವಿಚಾರಿಸಿ ನೋಡಿ.